ಸೊಂಟದ ಮೇಲಿನ ಕುಸ್ತಿ

ನಮ್ಮತ್ತೆ ತನ್ನ ಜೀವಮಾನದಲ್ಲಿ ಒಬ್ಬರನ್ನೂ ನೆಲಕ್ಕೆ ಕೆಡವಿದವಳಲ್ಲ. ಕುಸ್ತಿಯ ಮಣ್ಣು ಅವಳ ಅಂಗಾಲಿಗೆ ಒಮ್ಮೆಯೂ ಹತ್ತಿದ್ದಿಲ್ಲ. ಆದರೂ ಇಡೀ ಮಾನ್ವಿಯಲ್ಲಿ ಅವಳಷ್ಟು ಕಟ್ಟುನಿಟ್ಟಿನ ಕುಸ್ತಿ ಗುರು ಇನ್ನೊಬ್ಬರಿರಲಿಲ್ಲ ಎಂದು ನಾನು ಯಾವ ದೇವರ ಮುಂದೆ ಬೇಕಾದರೂ ಆಣೆ ಮಾಡಿ ಹೇಳಬಲ್ಲೆ. ಯಾಕೆಂದರೆ ಅವಳ ಏಕೈಕ ಶಿಷ್ಯೆ ನಾನು!

ಅತ್ತೆ ಎಂದರೆ ಗಂಡನ ತಾಯಿ ಅಲ್ಲ, ಅಪ್ಪನ ಅಕ್ಕ. ದೇವದುರ್ಗದ ಹತ್ತಿರದ ಜಾಲಹಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡ ಮೇಲೆ ಒಂದು ತಗಡಿನ ಟ್ರಂಕು ಹೊತ್ತು ತಮ್ಮನ ಮನೆಗೆ ಬಂದಳು. ಬಂದವಳು ಪಾಪ, ಒಂದು ಮೂಲೆಯಲ್ಲಿ ಕುಳಿತಿರಬೇಕು ಎಂದುಕೊಂಡಿರಾ? ವಾರ ಕಳೆಯುವುದರೊಳಗೆ ಮನೆಯ ಎಲ್ಲ ಮೂಲೆಗಳೂ ಅವಳವಾಗಿದ್ದವು. ಅಪ್ಪನಿಗೆ ಕಾಲುವೆ ಇಲಾಖೆಯಲ್ಲಿ ತೂಬು ತೆರೆಯುವ, ಮುಚ್ಚುವ ನೌಕರಿ. ಕಬ್ಬಿಣದ ಚಕ್ರ ತಿರುಗಿಸಿ ತಿರುಗಿಸಿ ಅವನ ಕೈಗಳೂ ಕಬ್ಬಿಣವೇ ಆಗಿದ್ದವು. ಕಾಲುವೆಯ ನೀರನ್ನೇ ತಡೆದು ನಿಲ್ಲಿಸುತ್ತಿದ್ದ ಮನುಷ್ಯ ಅಕ್ಕನ ಎದುರು ಮಾತ್ರ ತಾನೇ ತಲೆ ತಗ್ಗಿಸಿ ಹರಿದು ಹೋಗುತ್ತಿದ್ದ.

ಇದೆಲ್ಲ ಶುರುವಾದದ್ದು ಎಂಬತ್ತರ ದಶಕದ ಮೊದಲಲ್ಲಿ, ನಾನು ಮಾನ್ವಿಯಲ್ಲಿ ಪಿಯುಸಿ ಓದುತ್ತಿದ್ದಾಗ. ಮುಂದೆ ರಾಯಚೂರಿನ ಕಾಲೇಜಿಗೆ ಹೋಗಬೇಕು, ಡಿಗ್ರಿ ಮಾಡಬೇಕು ಎಂಬುದು ನನ್ನ ಆಸೆ. ಆಸೆ ಎಂದರೆ ಸಣ್ಣ ಮಾತಾಯಿತು. ರಾತ್ರಿ ಕನಸಿನಲ್ಲೂ ರಾಯಚೂರಿನ ಬಸ್ಸು ಬರುತ್ತಿತ್ತು, ನನ್ನನ್ನು ಬಿಟ್ಟು ಹೋಗುತ್ತಿತ್ತು. ಒಂದು ದಿನ ಊಟಕ್ಕೆ ಕುಳಿತಾಗ ಧೈರ್ಯ ಮಾಡಿ ಬಾಯಿ ಬಿಟ್ಟೆ.

"ದಿನಾ ಬಸ್ನ್ಯಾಗ ಒಬ್ಬಾಕೀನ ಹೋಗಿ ಬರ್ತಿ? ಬ್ಯಾಡ," ಎಂದ ಅಪ್ಪ. "ನಾಳಿ ಯಾರಾರ ಕೈ ಹಿಡಿದ್ರ ಏನ್ ಮಾಡ್ತಿ?"

ಉತ್ತರ ಕೊಟ್ಟವಳು ಅತ್ತೆ.

"ಬಿಡಿಸ್ಕೊಂತಾಳ."

"ಹೆಂಗ?"

"ನಾ ಕಲಿಸ್ತೀನಿ."

"ನೀ ಎಲ್ಲಿ ಕಲ್ತಿ ಅಕ್ಕಾ?"

ಅತ್ತೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಮೇಲೆ ನೋಡಿದಳು. ಅಪ್ಪನೂ ನೋಡಿದ. ದೇವರನ್ನು ತೋರಿಸುತ್ತಿದ್ದಾಳೆ ಎಂದುಕೊಂಡನೇನೋ. ಅವಳು ತೋರಿಸುತ್ತಿದ್ದುದು ನಮ್ಮ ಮಾಳಿಗೆಯನ್ನು. ಅಪ್ಪ ನಕ್ಕ. "ಆತು, ಆಕಿ ಬಿಡಿಸ್ಕೊಳ್ಳಾದು ಕಲ್ತ್ರ ಕಳಿಸ್ತೀನಿ," ಎಂದು ಕೈ ತೊಳೆಯಲು ಎದ್ದ. ನಗುತ್ತ ಕೊಟ್ಟ ಮಾತು. ಅತ್ತೆ ಅದನ್ನು ನಗದೆ ಗಂಟು ಹಾಕಿಕೊಂಡಳು.

ಮಾಳಿಗೆಯ ವಿಷಯ ಹೇಳಬೇಕು. ನಮ್ಮ ಮನೆಯ ಹಿಂದೆಯೇ ಒಂದು ತಾಲೀಮು ಇತ್ತು. ತಾಲೀಮು ಎಂದರೆ ನಮ್ಮ ಕಡೆ ಗರಡಿ ಮನೆ. ಬಯಲು ಅಂಗಳ, ಮಜ್ಜಿಗೆ, ಅರಿಶಿನ, ಎಣ್ಣೆ ಕುಡಿದ ಕೆಂಪು ಮಣ್ಣು, ಮೂಲೆಯಲ್ಲಿ ಬೇವಿನ ಮರ, ಮರದ ಕೆಳಗೆ ಬಿಳಿಗಡ್ಡದ ಉಸ್ತಾದರು. ಹೆಂಗಸರು ಅತ್ತ ಸುಳಿಯುವಂತಿರಲಿಲ್ಲ. ಆದರೆ ನಮ್ಮ ಮಾಳಿಗೆಯ ಮೇಲೆ ನಾವು ಮೆಣಸಿನಕಾಯಿ ಒಣಗಿಸಿದರೆ ಯಾರಪ್ಪನ ಗಂಟೇನು ಹೋಗುತ್ತದೆ?

ಆ ವರ್ಷ ನಮ್ಮ ಮನೆಯ ಮೆಣಸಿನಕಾಯಿ ಒಣಗಿದಷ್ಟು ಜಗತ್ತಿನಲ್ಲಿ ಬೇರೆ ಯಾವ ಮೆಣಸಿನಕಾಯಿಯೂ ಒಣಗಿರಲಿಕ್ಕಿಲ್ಲ. ಕೆಂಪಗಿದ್ದವು ಬೆಳ್ಳಗಾದವು. ಮೆಣಸಿನಕಾಯಿ ಮುಗಿದ ಮೇಲೆ ಅತ್ತೆ ಕುಟ್ಟಿದ ಖಾರದಪುಡಿಯನ್ನೇ ಒಣಗಿಸಿದಳು. ಆಮೇಲೆ ಕೌದಿ ಒಣಗಿಸಿದಳು. ಮಳೆಗಾಲದಲ್ಲಿ ಏನು ಒಣಗಿಸುವುದು? ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಸುಮ್ಮನೆ ನಿಂತಿರುತ್ತಿದ್ದಳು. "ಅಕ್ಕಾ, ಮಳ್ಯಾಗ ಮ್ಯಾಲ ಏನ್ ಮಾಡಾಕತ್ತಿ?" ಎಂದು ಅಪ್ಪ ಕೇಳಿದರೆ, "ಮಾಳಿಗಿ ಸೋರ್ತದೇನೋ ನೋಡಾಕತ್ತೀನಿ," ಎನ್ನುತ್ತಿದ್ದಳು. ಸೋರುವುದನ್ನು ಕೆಳಗಿನಿಂದ ನೋಡಬೇಕಲ್ಲವೇ ಎಂದು ಕೇಳುವ ಧೈರ್ಯ ಅಪ್ಪನಿಗಿರಲಿಲ್ಲ.

ಆದರೆ ಒಂದು ತೊಡಕಿತ್ತು. ನಮ್ಮ ಮಾಳಿಗೆ ಗಿಡ್ಡ, ತಾಲೀಮಿನ ಗೋಡೆ ಎತ್ತರ, ಕುಸ್ತಿಯ ಮಣ್ಣು ಆ ಗೋಡೆಯ ಬುಡದಲ್ಲೇ ಇತ್ತು. ಹೀಗಾಗಿ ಅತ್ತೆಗೆ ಪೈಲ್ವಾನರು ಕಾಣುತ್ತಿದ್ದುದು ಸೊಂಟದಿಂದ ಮೇಲಕ್ಕೆ ಮಾತ್ರ. ಇಬ್ಬರು ಎದುರೆದುರು ನಿಂತು ಕೈ ಹಿಡಿಯುವುದು ಕಾಣುತ್ತಿತ್ತು. ಹೆಗಲಿಗೆ ಹೆಗಲು ಕೊಡುವುದು ಕಾಣುತ್ತಿತ್ತು. ಆಮೇಲೆ ಇಬ್ಬರೂ ಮಾಯ! ಸ್ವಲ್ಪ ಹೊತ್ತು ಬರೀ ಧೂಳು, ಏದುಸಿರು. ಕಡೆಗೆ ಒಬ್ಬ ಎದ್ದು ನಿಂತು ಕೈ ಮೇಲೆತ್ತುತ್ತಿದ್ದ. ಇನ್ನೊಬ್ಬ ಬೆನ್ನು ಜಾಡಿಸಿಕೊಳ್ಳುತ್ತ ಏಳುತ್ತಿದ್ದ.

ಅತ್ತೆ ಇದನ್ನು ಇದ್ದದ್ದು ಇದ್ದಂತೆಯೇ ನನಗೆ ಕಲಿಸಿದಳು. ಹಿತ್ತಲಲ್ಲಿ ಲಂಗ ಎತ್ತಿ ಕಟ್ಟಿಸಿ ನಿಲ್ಲಿಸಿ ಹೇಳಿದಳು:

"ಮೊದ್ಲ ಸಲಾಮಿ. ಬಗ್ಗಿ ಮಣ್ಣು ಮುಟ್ಟು, ಹಣಿಗಿ ಹಚ್ಕೋ, ಎದುರಿನಾಂವನ ಎದಿಗಿ ಒಂದು ಚಿಟಿಕಿ ಒಗಿ, ತೊಡಿ ತಟ್ಟು. ಆಮ್ಯಾಲ ಕೈ ಹಿಡಿ. ಆಮ್ಯಾಲ ಹೆಗಲು. ಆಮ್ಯಾಲ ಏನೋ ಆಗ್ತದ. ಆಮ್ಯಾಲ ಏಳು, ಕೈ ಎತ್ತು."

"ಅತ್ತೀ, ನಡುವ ಏನಾಗ್ತದ?"

"ಅದು ಗೋಡಿ ಹಿಂದ ಅದ."

"ಮತ್ತ ನಾ ಏನ್ ಮಾಡ್ಲಿ?"

"ಸದ್ಯಕ್ಕ ಕೈ ಎತ್ತಾದು ಚೊಲೋ ಕಲಿ."

ಹೀಗೆ ನಾನು ಗೆದ್ದ ಮೇಲೆ ಏನು ಮಾಡಬೇಕು ಎನ್ನುವುದರಲ್ಲಿ ಬಹಳ ಬೇಗ ಪಳಗಿದೆ. ಗೆಲ್ಲುವುದು ಹೇಗೆ ಎಂಬುದೊಂದು ಬಾಕಿ ಉಳಿಯಿತು.

ಪೈಲ್ವಾನರು ಬಾದಾಮಿ ತಿನ್ನುತ್ತಾರೆಂದು ಅತ್ತೆ ಎಲ್ಲೋ ಕೇಳಿದ್ದಳು. ನಮ್ಮ ಮನೆಯಲ್ಲಿ ಬಾದಾಮಿಯೇ? ಶೇಂಗಾ ನೆನೆಸಿ ಕೊಟ್ಟಳು. "ಎರಡಕ್ಕೂ ಸಿಪ್ಪಿ ಇರ್ತದಿಲ್ಲೋ?" ಎಂಬುದು ಅವಳ ವೈದ್ಯಶಾಸ್ತ್ರ.

ಅವಳು ಪೂರ್ತಿ ನೋಡಿ ಕಲಿತಿದ್ದ ಪಟ್ಟು ಒಂದೇ, ಹಿಡಿದ ಮಣಿಕಟ್ಟು ಬಿಡಿಸಿಕೊಳ್ಳುವುದು. ಯಾಕೆಂದರೆ ಅದು ಗೋಡೆಯ ಮೇಲ್ಭಾಗದಲ್ಲಿ ನಡೆಯುತ್ತಿತ್ತು. "ನಾಕ್ ಬೆರಳು ಒಂದು ಕಡಿ, ಹೆಬ್ಬೆರಳು ಒಂದು ಕಡಿ. ಹೆಬ್ಬೆರಳಿನ ಕಡಿ ಹಿಡ್ತ ಹಗುರ ಇರ್ತದ. ಕೈ ಅಲ್ಲಿಂದ ತಗಿ," ಎಂದು ಕಲಿಸಿದಳು. ಕಲಿಸಿದ ಮೇಲೆ ಸುಮ್ಮನಿದ್ದಳೇ? ಹೊತ್ತಿಲ್ಲ, ಗೊತ್ತಿಲ್ಲ, ಎಲ್ಲೆಂದರಲ್ಲಿ ಹಿಂದಿನಿಂದ ಬಂದು ಕೈ ಹಿಡಿಯುತ್ತಿದ್ದಳು. ನೀರು ಸೇದುವಾಗ ಹಿಡಿದಳು. ಜಡೆ ಹಾಕಿಕೊಳ್ಳುವಾಗ ಹಿಡಿದಳು. ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದು ಹಿಡಿದಳು. ನಾನು ಪಾಠ ಓದುತ್ತ ಕುಳಿತರೂ ಬೆನ್ನು ಗೋಡೆಗೆ ಹಚ್ಚಿಯೇ ಕುಳಿತುಕೊಳ್ಳುವಂತಾಯಿತು. ಕಡೆಗೆ ಕೈಗೇ ಬುದ್ಧಿ ಬಂದಿತ್ತು. ಯಾರೇ ಮುಟ್ಟಲಿ, ನನ್ನನ್ನು ಕೇಳದೆ ಅದೇ ಬಿಡಿಸಿಕೊಳ್ಳುತ್ತಿತ್ತು.

ಇದರ ಮೊದಲ ಪ್ರಸಾದ ಸಿಕ್ಕಿದ್ದು ಬಳೆ ಮಾರುವ ಬೀಬಮ್ಮನಿಗೆ. ಪ್ರತಿ ಪಂಚಮಿಗೆ ಬುಟ್ಟಿ ಹೊತ್ತು ಬಂದು ನಮ್ಮ ಕಟ್ಟೆಯ ಮೇಲೆ ಕೂರುವ ಮುದುಕಿ. ಬಳೆ ತೊಡಿಸುವವರು ಕೈ ಹಿಡಿಯದೆ ಬಳೆ ತೊಡಿಸುವುದಾದರೂ ಹೇಗೆ? ಪಾಪ, ಅವಳು ಹಿಡಿದಳು. ಮುಂದಿನದು ನನಗೂ ತಿಳಿಯಲಿಲ್ಲ. ಹಸಿರು ಬಳೆಗಳು ಅಂಗಳದ ತುಂಬ ಚೂರಾಗಿ ಬಿದ್ದಿದ್ದವು.

"ಹೌ ಅಮ್ಮಾ! ಈ ಪೋರಿ ಕೈಯಾಗ ಜಿನ್ ಅದ ಏನ್ರೀ?" ಎಂದು ಬೀಬಮ್ಮ ಎದೆ ಹಿಡಿದುಕೊಂಡಳು. ಅವ್ವ ತಲೆ ಹಿಡಿದುಕೊಂಡಳು. ಅತ್ತೆಯ ಮುಖದಲ್ಲಿ ಮಾತ್ರ ಹುಣ್ಣಿಮೆ! "ಮತ್ತೊಮ್ಮಿ ಹಿಡಿ ಬೀಬಮ್ಮಾ, ಈ ಸಲ ಜೋರಾಗಿ ಹಿಡಿ," ಎಂದಳು. ಬೀಬಮ್ಮ ಬುಟ್ಟಿ ಎತ್ತಿಕೊಂಡು ಎದ್ದೇ ಹೋದಳು.

ಆ ನಡುವೆ ಅತ್ತೆಗೆ ಕಣ್ಣು ಮಂಜಾಯಿತು. ಕುಸ್ತಿ ಸರಿಯಾಗಿ ಕಾಣುತ್ತಿಲ್ಲ, ಕನ್ನಡಕ ಬೇಕು ಎಂದು ಹಟ ಹಿಡಿದಳು. ನಾನೂ ಅವಳೂ ರಾಯಚೂರಿಗೆ ಹೊರಟೆವು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಹಿಂದೆ ನಿಂತಿದ್ದ ಒಬ್ಬ ಬಸ್ಸು ಅಲುಗಿದಾಗಲೂ, ಅಲುಗದಾಗಲೂ ನನ್ನ ಮೈಮೇಲೆ ವಾಲುತ್ತಿದ್ದ. ಅತ್ತೆ ನೋಡಿದಳು. ಬೇರೆ ಯಾರಾದರೂ ಆಗಿದ್ದರೆ ಬೈಯುತ್ತಿದ್ದರು, ಚಪ್ಪಲಿ ತೆಗೆಯುತ್ತಿದ್ದರು. ಅತ್ತೆ ಶಾಸ್ತ್ರ ಬಿಟ್ಟವಳಲ್ಲ. ಮೊದಲು ಸಲಾಮಿ ಆಗಬೇಕಲ್ಲ!

ಬಗ್ಗಿ ಬಸ್ಸಿನ ನೆಲ ಮುಟ್ಟಿದಳು. ಹಣೆಗೆ ಹಚ್ಚಿಕೊಂಡಳು. ಬಸ್ಸಿನಲ್ಲಿ ಧೂಳಿಗೇನು ಬರವೇ? ಒಂದು ಚಿಟಿಕೆ ತೆಗೆದು ಅವನ ಎದೆಗೆ ಎಸೆದಳು. ಸೆರಗು ಬಿಗಿದು, ಕಣ್ಣು ಕೆಕ್ಕರಿಸಿ, "ಹಾ!" ಎಂದು ತೊಡೆ ತಟ್ಟಿದಳು. ಬಸ್ಸು ಆಗ ಸರಿಯಾಗಿ ನೀರಮಾನ್ವಿಯಲ್ಲಿ ನಿಂತಿತ್ತು. ನೀರಮಾನ್ವಿ ಎಂದರೆ ಎಲ್ಲಮ್ಮನ ಊರು.

"ಯವ್ವಾ! ಎಲ್ಲವ್ವ ಬಂದಾಳ!" ಎಂದು ಒಬ್ಬ ಮುದುಕಿ ಚೀರಿದಳು. ಹೆಂಗಸರೆಲ್ಲ ಕೈ ಮುಗಿದರು. ಆ ಮನುಷ್ಯ "ತಪ್ಪಾತು ತಾಯಿ," ಎಂದು ಕಾಲಿಗೆ ಬಿದ್ದು ಅಲ್ಲೇ ಇಳಿದು ಓಡಿದ. ನಮಗೆ ಕುಳಿತುಕೊಳ್ಳಲು ಜಾಗ ಸಿಕ್ಕಿತು. ಯಾರೋ ಅತ್ತೆಯ ಮಡಿಲಿಗೆ ಒಂದು ನಿಂಬೆಹಣ್ಣು ಹಾಕಿದರು. ಕಂಡಕ್ಟರ್ ಹತ್ತಿರ ಬಂದು ಮೆಲ್ಲಗೆ, "ಯವ್ವಾ, ನನ್ನ ವರ್ಗಾವಣಿ ಆಗ್ತದೇನು?" ಎಂದು ಕೇಳಿದ.

"ಮೊದ್ಲ ಚಿಲ್ಲರ ಕೊಡು," ಎಂದಳು ಅತ್ತೆ.

ಅತ್ತೆ ಆಡಿದ ಏಕೈಕ ಕುಸ್ತಿ ಇದು. ಸಲಾಮಿಯಲ್ಲೇ ಮುಗಿದದ್ದಕ್ಕೆ ಅವಳಿಗೆ ರಾಯಚೂರು ಮುಟ್ಟುವವರೆಗೂ ಬೇಸರ.

ಕಣ್ಣಿನ ಡಾಕ್ಟರು ಕೇಳಿದರು, "ಏನು ಕಾಣಂಗಿಲ್ಲವ್ವಾ?"

"ಕಾಲು ಕಾಣಂಗಿಲ್ರಿ."

"ನಿಮ್ಮ ಕಾಲಾ?"

"ಅಲ್ರಿ, ಪೈಲ್ವಾನರ ಕಾಲು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಎಷ್ಟು ದೂರದಾಗ ಇರ್ತಾರ?"

"ದೂರೇನಿಲ್ರಿ. ನಡುವ ಒಂದು ಗೋಡಿ ಅದ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಗೆ ತೂಗುಹಾಕಿದ್ದ ಅಕ್ಷರಗಳನ್ನು ಓದತೊಡಗಿದೆ. ಗೋಡೆಯಾಚೆ ಕಾಣುವ ಕನ್ನಡಕ ರಾಯಚೂರಿನಲ್ಲೂ ಇರಲಿಲ್ಲ. ಕೊಟ್ಟದ್ದನ್ನು ಹಾಕಿಕೊಂಡು ಬಂದಳು. ಅಂದಿನಿಂದ ಪೈಲ್ವಾನರ ಮೇಲಿನ ಅರ್ಧ ಬಹಳ ಸ್ಪಷ್ಟವಾಗಿ ಕಾಣತೊಡಗಿತು.

ಪಿಯುಸಿ ಪರೀಕ್ಷೆ ಮುಗಿದದ್ದೇ ತಡ, ದೇವದುರ್ಗದಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಮಂಡಕ್ಕಿ ವಗ್ಗರಣಿ, ಮಿರ್ಚಿ, ಚಹಾ ಎಲ್ಲ ಆಯಿತು. ಗಂಡಿನ ತಾಯಿ ನನ್ನನ್ನು ಹತ್ತಿರ ಕೂರಿಸಿಕೊಂಡು, "ಕೈ ನೋಡೂಣು ಬಾರವ್ವಾ," ಎಂದು ಮಣಿಕಟ್ಟು ಹಿಡಿದರು.

ನನ್ನ ತಪ್ಪೇನಿದೆ, ನೀವೇ ಹೇಳಿ. ಕೈ ಹೆಬ್ಬೆರಳಿನ ಕಡೆಯಿಂದ ಜಾರಿ ಹೊರಬಂತು. ಆಕೆ ಹಿಂದಕ್ಕೆ ವಾಲಿ ವಗ್ಗರಣಿಯ ತಾಟಿನಲ್ಲಿ ಕುಳಿತರು. ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ವರ್ಷದ ಅಭ್ಯಾಸ ನೋಡಿ, ನಾನು ಎದ್ದು ನಿಂತು ಕೈ ಮೇಲೆತ್ತಿದೆ!

ಬಂದವರು ಮಂಡಕ್ಕಿ ಜಾಡಿಸಿಕೊಂಡು ಹೋದರು. ಅಪ್ಪ ನನ್ನ ಮುಖವನ್ನೂ ನೋಡಲಿಲ್ಲ. ನಾನು, ಅತ್ತೆ ಇಬ್ಬರೂ ಒಳಗೊಳಗೇ ಹಿಗ್ಗಿದೆವು. ದೇವದುರ್ಗದ ಪೀಡೆ ತೊಲಗಿತಲ್ಲ!

ವಾರದೊಳಗೆ ದೇವದುರ್ಗದಿಂದ ಸುದ್ದಿ ಬಂತು: ಹುಡುಗಿ ಒಪ್ಪಿಗೆ. "ಕೈಯಾಗ ಜೋರ ಅದ. ನಮ್ಮದು ಹೊಲ ಮಾಡೋ ಮನಿ. ಇಂಥಾಕಿನ ಬೇಕಾಗಿದ್ಲು," ಎಂದು ಹೇಳಿ ಕಳಿಸಿದ್ದರು.

ಅವ್ವ ದೇವರಿಗೆ ದೀಪ ಹಚ್ಚಿದಳು. ನಾನು ಅಡುಗೆಮನೆಯಲ್ಲಿ ಕುಳಿತು ಕಣ್ಣೀರು ಹಾಕಿದೆ. ನನಗೆ ಕಾಲೇಜು ಬೇಕಿತ್ತು. ನಿಜವಾಗಿ ಬೇಕಿತ್ತು. ನಮ್ಮತ್ತೆ ಅಂದು ರೊಟ್ಟಿ ಮುಟ್ಟಲಿಲ್ಲ. ತಾನು ಕಲಿಸಿದ ಪಟ್ಟೇ ತನ್ನ ಹುಡುಗಿಯನ್ನು ಕಟ್ಟಿ ಹಾಕಿತಲ್ಲ ಎಂದು ಅವಳ ಸಂಕಟ. ಕಡೆಗೆ ತಮ್ಮನ ಎದುರು ಹೋಗಿ ನಿಂತಳು.

"ಬಿಡಿಸ್ಕೊಳ್ಳಾದು ಕಲ್ತ್ರ ಕಳಿಸ್ತೀನಿ ಅಂದಿದ್ದಿ."

"ಮುದುಕಿ ಕೈ ಬಿಡಿಸ್ಕೊಂಡ್ಲು, ಅದೇನ್ ದೊಡ್ಡದು? ಗಂಡಸು ಹಿಡಿದ್ರ?"

"ನೀ ಗಂಡಸು ಹೌದಿಲ್ಲೋ? ನೀನ ಹಿಡಿ. ಐತಾರ ಮುಂಜಾನಿ. ಬಿಡಿಸ್ಕೊಂಡ್ರ ರಾಯಚೂರು, ಇಲ್ಲಂದ್ರ ದೇವದುರ್ಗ."

ಅಪ್ಪ ತನ್ನ ಕೈಗಳನ್ನು ನೋಡಿಕೊಂಡ. "ಆತು," ಎಂದ.

ನಾವು ಹಿತ್ತಲಲ್ಲಿ ಅಭ್ಯಾಸಕ್ಕೆ ನಿಂತೆವು. ಅತ್ತೆ ಎರಡೂ ಕೈಯಿಂದ ಬಲವಾಗಿ ಹಿಡಿದರೆ ನನ್ನ ಕೈ ಬರುತ್ತಲೇ ಇರಲಿಲ್ಲ. ಎಳೆದೆ, ಜಗ್ಗಿದೆ, ಮಣಿಕಟ್ಟು ಕೆಂಪಾಯಿತು. ಅತ್ತೆಯ ಹಿಡಿತಕ್ಕೇ ಈ ಗತಿಯಾದರೆ ತೂಬಿನ ಚಕ್ರ ತಿರುಗಿಸುವ ಕೈಗೆ ಏನು ಗತಿ? "ಏನೋ ಒಂದು ಗೋಡಿ ಹಿಂದ ಉಳಿದದ," ಎಂದಳು ಅತ್ತೆ. ಸೆರಗು ಹೊದ್ದು ಸೀದಾ ತಾಲೀಮಿನ ಬಾಗಿಲಿಗೆ ನಡೆದಳು. ನಾನು ಹಿಂದಿಂದೆ ಓಡಿದೆ.

ಹೊಸ್ತಿಲ ಹೊರಗೇ ನಿಂತು ಉಸ್ತಾದರನ್ನು ಕರೆದಳು. "ನಮ್ಮ ಹುಡುಗಿಗಿ ಕೈ ಬಿಡಿಸ್ಕೊಳ್ಳಾಕ ಬರವಲ್ದು. ಕಾಲು ಹೆಂಗ ಇಡ್ತಾರ, ಒಂದೀಟು ಹೇಳ್ರಿ," ಎಂದಳು.

ಉಸ್ತಾದರು ನೆಲ ನೋಡುತ್ತಲೇ ಮಾತಾಡಿದರು. "ಅಕ್ಕಾ, ನೀವು ಮಾಳಿಗಿ ಮ್ಯಾಲಿಂದ ನೋಡಾದು ನಮಗ ಮಾಲೂಮ್ ಅದ. ಅಷ್ಟು ಮೆಣಸಿನಕಾಯಿ ಯಾರೂ ಒಣಗಸಂಗಿಲ್ಲ. ಒಳಗ ಹೆಣ್ಮಕ್ಕಳನ್ನ ಕರಿಯಾಕ ಇಲ್ಲಿ ರಿವಾಜ್ ಇಲ್ಲ. ಮಾಫ್ ಮಾಡ್ರಿ."

ಅತ್ತೆ ಹಿಂದಿರುಗಿದಳು. ಅವಳು ಸೋತು ನಡೆಯುವುದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಮುಂಜಾನೆ ಮಾಳಿಗೆ ಹತ್ತಿದವಳು, "ಲೇ, ಬಾರಲೇ ಇಲ್ಲಿ!" ಎಂದು ಕೂಗಿದಳು. ತಾಲೀಮಿನ ಗೋಡೆಯ ಮೇಲಿನ ಸಾಲು ಕಲ್ಲುಗಳು ಇರಲಿಲ್ಲ. ಪೈಲ್ವಾನ ಹುಡುಗರು ಅವನ್ನು ಬೇವಿನ ಬುಡಕ್ಕೆ ಹೊತ್ತು ಹಾಕುತ್ತಿದ್ದರು. "ಗಾಳಿನೇ ಬರ್ತಿದ್ದಿಲ್ಲ ನೋಡ್ರೋ!" ಎಂದು ಉಸ್ತಾದರು ನಮ್ಮ ಮಾಳಿಗೆಗೂ ಕೇಳಿಸುವಷ್ಟು ಜೋರಾಗಿ ಹೇಳುತ್ತಿದ್ದರು. ಆಮೇಲೆ ಇಬ್ಬರು ಹುಡುಗರನ್ನು ನಿಲ್ಲಿಸಿ, ಕೈ ಹಿಡಿದು ಬಿಡಿಸುವುದನ್ನೇ ಮತ್ತೆ ಮತ್ತೆ ಮಾಡಿಸಿದರು, ನಿಧಾನವಾಗಿ, ಒಂದನೇ ಇಯತ್ತೆಯ ಮಕ್ಕಳಿಗೆ ಅಕ್ಷರ ತಿದ್ದಿಸಿದಂತೆ.

ಅತ್ತೆ ಕನ್ನಡಕ ಒರೆಸಿಕೊಂಡು ನೋಡಿದಳು. "ಅಯ್ಯ ನನ ಕರ್ಮ! ಅವ್ರು ಹಿಂದಕ ಎಳ್ಯಾಕತ್ತಿಲ್ಲ! ಮುಂದ ಹೆಜ್ಜಿ ಇಡಾಕತ್ತಾರ!"

ಇಷ್ಟು ದಿನ ನಾವು ಹಿಡಿದವರಿಂದ ದೂರ ಎಳೆಯುತ್ತಿದ್ದೆವು. ಅವರು ಹಿಡಿದವನ ಕಡೆಗೇ ಒಂದು ಹೆಜ್ಜೆ ಇಡುತ್ತಿದ್ದರು. ಮೊಣಕೈ ಮಡಿಸಿಕೊಂಡು ಅವನ ಎದೆಯ ಹತ್ತಿರ ಹೋಗುತ್ತಿದ್ದರು. ಕೈ ತಾನಾಗಿ ಸಡಿಲವಾಗುತ್ತಿತ್ತು. ಆಮೇಲೆ ಆ ನಡುವಿನ "ಏನೋ ಆಗ್ತದ" ಕೂಡ ಕಂಡಿತು. ಇಬ್ಬರೂ ಮಣ್ಣಿನಲ್ಲಿ ಬಿದ್ದು ಒದ್ದಾಡುತ್ತಿದ್ದರು. "ಇಷ್ಟ ಏನು?" ಎಂದು ಅತ್ತೆ ಮುಖ ಸೊಟ್ಟ ಮಾಡಿದಳು.

ಭಾನುವಾರ ಬಂತು. ಅವ್ವ ಸೌಟು ಹಿಡಿದು ಬಾಗಿಲಲ್ಲಿ ನಿಂತಳು. ನಾನು ಅಂಗಳದ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡೆ. ಅಪ್ಪನ ಎದೆಗೆ ಎಸೆಯಲು ಮನಸ್ಸಾಗಲಿಲ್ಲ. ಅಪ್ಪ ನನ್ನ ಮಣಿಕಟ್ಟು ಹಿಡಿದ. ಅಬ್ಬಾ! ಕೈ ಅಲ್ಲ, ಕೀಲಿ. ಗಾಬರಿಯಲ್ಲಿ ಹಳೆಯ ಅಭ್ಯಾಸದಂತೆ ಹಿಂದಕ್ಕೆ ಎಳೆದೆ. ಬರಲಿಲ್ಲ. ಕಣ್ಣಲ್ಲಿ ನೀರು ಬಂತು.

"ಮುಂದ ಹೋಗಲೇ!" ಎಂದು ಅತ್ತೆ ಚೀರಿದಳು. "ನಿಮ್ಮಪ್ಪನ ಕಡಿ ಹೋಗು!"

ಹೆಜ್ಜೆ ಇಟ್ಟೆ. ನನ್ನ ತಲೆ ಅಪ್ಪನ ಎದೆಗೆ ತಾಗುವಷ್ಟು ಹತ್ತಿರ ಹೋದೆ; ಕಾಲುವೆ ಕೆಸರಿನ, ಬೀಡಿಯ ವಾಸನೆ ಮೂಗಿಗೆ ಬಡಿಯಿತು. ಮೊಣಕೈ ಮಡಿಸಿದೆ. ಕೈ ಹೊರಗೆ ಬಂದಿತ್ತು.

ಅಪ್ಪ ಖಾಲಿ ಮುಷ್ಟಿ ನೋಡಿಕೊಂಡ. "ನಾ ಜೋರಾಗಿ ಹಿಡಿದಿದ್ದಿಲ್ಲ," ಎಂದ.

"ಹಿಡಿ ಮತ್ತ."

ಹಲ್ಲು ಕಚ್ಚಿ ಹಿಡಿದ. ಮತ್ತೆ ಬಿಡಿಸಿಕೊಂಡೆ. ಈ ಸಲ ಅಪ್ಪ ತಾನೇ ಕೈ ಇಳಿಸಿದ. ಅತ್ತೆ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಕುಣಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಮೆಲ್ಲಗೆ ಮಾತಾಡಿದಳು.

"ತಮ್ಮಾ, ನೀ ಸಣ್ಣಾಂವ ಇದ್ದಿ, ನಿಂಗ ನೆನಪಿರಾಕಿಲ್ಲ. ಆಗ ನಮ್ಮ ಮನಿ ನೀರಮಾನ್ವ್ಯಾಗ ಇತ್ತು, ನಾ ಅಲ್ಲಿಂದ ಮಾನ್ವಿ ಸಾಲಿಗಿ ಬರ್ತಿದ್ದೆ. ದಾರ್ಯಾಗ ಒಬ್ಬ ಕುಡುಕ ಕೈ ಹಿಡಿದ. ಹಿಂದಕ ಎಳದೇ ಎಳದೆ, ಬರ್ಲಿಲ್ಲ. ಮಂದಿ ಬಂದ್ರು, ಅಂವ ಓಡಿದ. ಏನೂ ಆಗ್ಲಿಲ್ಲ. ಆದ್ರ ಮರುದಿನದಿಂದ ಅಪ್ಪ ನನ್ನ ಸಾಲಿ ಬಿಡಿಸಿದ. ಕೈ ಹಿಡಿದಾಂವ ಅಂವ, ಸಾಲಿ ಬಿಟ್ಟಾಕಿ ನಾ."

ಅಪ್ಪ ಅಕ್ಕನ ಪಕ್ಕದಲ್ಲಿ ಬಂದು ಕುಳಿತ. ಮಧ್ಯಾಹ್ನದ ಬಸ್ಸಿಗೆ ತಾನೇ ದೇವದುರ್ಗಕ್ಕೆ ಹೋಗಿ ಬಂದ. ಏನು ಹೇಳಿದೆ ಎಂದು ಅವ್ವ ಕೇಳಿದರೆ, "ಹುಡುಗಿದು ಕುಸ್ತಿ ಇನ್ನಾ ಮುಗಿದಿಲ್ಲ ಅಂತ ಹೇಳ್ದೆ," ಎಂದ.

ಕಾಲೇಜು ಶುರುವಾದ ದಿನ ಅತ್ತೆ ಬಸ್‌ಸ್ಟ್ಯಾಂಡಿಗೆ ಬಂದಳು. ಪೋತ್ನಾಳದ ಕಡೆಯಿಂದ ಬಂದ ಬಸ್ಸಿನಲ್ಲಿ ನನಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕಂಡಕ್ಟರ್ ಅವನೇ, ಅತ್ತೆಯನ್ನು ನೋಡಿ ಕೈ ಮುಗಿದು, "ಯವ್ವಾ, ಇನ್ನಾ ಆಗಿಲ್ಲ," ಎಂದ. ಅತ್ತೆಗೆ ಅವನು ಕಾಣಲೇ ಇಲ್ಲ. ಕಿಟಕಿಯೊಳಗೆ ಶೇಂಗಾದ ಪೊಟ್ಟಣ ಕೊಟ್ಟಳು. ಕೊಟ್ಟ ಕೈ ನನ್ನ ಮಣಿಕಟ್ಟು ಹಿಡಿಯಿತು.

"ಅತ್ತೀ, ಸಂಜೀಕ ಬರ್ತೀನಿ."

"ಗೊತ್ತದ."

ಗೊತ್ತಿದ್ದೂ ಬಿಡಲಿಲ್ಲ. ಡ್ರೈವರ್ ಹಾರನ್ ಹೊಡೆದ. ದೇವಿ ಕಿಟಕಿ ಹಿಡಿದು ನಿಂತಿರುವಾಗ ಸೀಟಿ ಊದಲು ಕಂಡಕ್ಟರನಿಗೆ ಧೈರ್ಯವಿಲ್ಲ. ಸೀಟಿ ಬಾಯಲ್ಲಿಟ್ಟುಕೊಂಡು ಸುಮ್ಮನೆ ನಿಂತಿದ್ದ.

"ಅತ್ತೀ, ಕೈ..."

"ನಂಗ ಬಿಡಾಕ ಆಗವಲ್ದು," ಎಂದಳು ಅತ್ತೆ. "ನೀನ ಬಿಡಿಸ್ಕೋ."

ಸೀಟಿನಲ್ಲಿ ಕುಳಿತು ಹೆಜ್ಜೆ ಇಡುವುದೆಲ್ಲಿ? ಕಿಟಕಿಯಿಂದ ಆದಷ್ಟು ಮುಂದಕ್ಕೆ ಬಾಗಿದೆ. ನನ್ನ ಹಣೆ ಅವಳ ಹಣೆಗೆ ತಾಗಿತು. ಅವಳ ಕನ್ನಡಕದ ಗಾಜು ಒದ್ದೆಯಾಗಿತ್ತು. ಮೊಣಕೈ ಮಡಿಸಿದೆ. ಹೆಬ್ಬೆರಳಿನ ಕಡೆಯಿಂದ, ಅವಳು ಕಲಿಸಿದಂತೆಯೇ, ಕೈ ಹೊರಗೆ ಬಂತು.

ಬಸ್ಸು ಹೊರಟಿತು. ತಿರುಗಿ ನೋಡಿದೆ. ಕಳಿಸಲು ಬಂದ ಬೇರೆಯವರೆಲ್ಲ ಕೈ ಬೀಸುತ್ತಿದ್ದರು. ನಮ್ಮತ್ತೆ ಬೀಸುತ್ತಿರಲಿಲ್ಲ. ಧೂಳಿನ ನಡುವೆ ಒಬ್ಬಳೇ ನಿಂತು, ಗೆದ್ದ ಪೈಲ್ವಾನನಂತೆ, ಕೈಯನ್ನು ನೇರವಾಗಿ ಮೇಲೆತ್ತಿ ಹಿಡಿದಿದ್ದಳು. ಬಸ್ಸು ತಿರುವು ದಾಟುವವರೆಗೂ ಇಳಿಸಲಿಲ್ಲ.